ಮಾವನ ಕೆಂಪು ಬಲ್ಬು

ನನ್ನ ಸೋದರಮಾವನ ಮನೆಗೆ ಹೋದವರು ಯಾವ ನೋವಿದ್ದರೂ ಬಾಯಿ ಬಿಡಬಾರದು. "ಸೊಂಟ ಸ್ವಲ್ಪ..." ಎಂದಿರೋ, ಮುಗಿಯಿತು! ಅಂಗಿ ಕಳಚಿಸಿ, ಬೆಂಚಿನ ಮೇಲೆ ಬೋರಲು ಮಲಗಿಸಿ, ಕೆಂಪು ಬೆಳಕು ಬಿಡುತ್ತಾರೆ. ಕಾಫಿ ಏನಿದ್ದರೂ ಆಮೇಲೆ.

ಮಾವ ಮೂವತ್ತು ವರ್ಷ ಬೊಂಬಾಯಿಯಲ್ಲಿ ಹೋಟೆಲ್ ನಡೆಸಿ, ಎಲ್ಲರ ಜೇಬಿಗೂ ಮೊಬೈಲು ಬರತೊಡಗಿದ ಕಾಲಕ್ಕೆ ಬ್ರಹ್ಮಾವರದ ಹತ್ತಿರದ ತಮ್ಮೂರಿಗೆ ಮರಳಿದವರು. ಅಷ್ಟರಲ್ಲಿ ಅತ್ತೆಯ ಮೊಣಕಾಲು ಕೆಟ್ಟಿತ್ತು. ನೆಲದಲ್ಲಿ ಕೂತು, ಕಾಲಲ್ಲಿ ಮೆಟ್ಟಿ ಹಿಡಿಯುವ ಮೆಟ್ಟುಕತ್ತಿಯಲ್ಲಿ ಮೀನು ಕೊಯ್ಯಲು ಆಗುತ್ತಿರಲಿಲ್ಲ. ಇದೇನು ಸಣ್ಣ ಸಂಗತಿಯೇ? ಮೀನು ಕೊಯ್ಯುವ ಕೆಲಸ ಮಾವನ ಪಾಲಿಗೆ ಬಂದ ಮೇಲೆ, ಸಾರಿನಲ್ಲಿ ಬಂಗುಡೆಯ ತಲೆ ಯಾವುದು, ಬಾಲ ಯಾವುದು ಎಂದು ದೇವರಿಗೂ ತಿಳಿಯುತ್ತಿರಲಿಲ್ಲ. ಅತ್ತೆಯನ್ನು ಮತ್ತೆ ಮೆಟ್ಟುಕತ್ತಿಯ ಮುಂದೆ ಕೂರಿಸಿಯೇ ಸಿದ್ಧ ಎಂದು ಹಟ ತೊಟ್ಟ ಮಾವ, ಬೊಂಬಾಯಿಯ ಗೆಳೆಯನಿಂದ ಆ ಕೆಂಪು ಬಲ್ಬು ತರಿಸಿದರು.

"ಇದ್ ಹ್ಯಾಂಗ್ ಕೆಲ್ಸ ಮಾಡತ್ತ್ ಮಾವ?" ಎಂದು ಕೇಳಿದ್ದು ನನ್ನ ತಪ್ಪು.

"ಬೆಳಕ್ ಚರ್ಮದ ಒಳ್ಗ್ ಹೋತ್ತ್. ಅಲ್ಲಿ ಜೀವಕೋಶ ಅಂದ್ರೆ ನಮ್ ಹೋಟ್ಲಿನ ಅಡ್ಗಿಮನಿ ಇದ್ದಂಗೆ. ಒಲಿ ಬೆಂಕಿ ಸಣ್ಣ ಆಯಿರತ್ತ್, ಇದ್ ದೊಡ್ಡ ಮಾಡತ್ತ್. ರಕ್ತ ಓಡತ್ತ್, ಬಾವ್ ಇಳಿತ್ತ್, ನೋವ್ ಹೋತ್ತ್."

"ಡಾಕ್ಟ್ರ್ ಎಂತ ಹೇಳ್ರ್?"

"ಕೆಲವ್ರಿಗೆ ನೋವ್ ಕಮ್ಮಿ ಆತ್ತ್, ಎಲ್ಲದಕ್ಕೂ ಮದ್ದಲ್ಲ, ಕಣ್ಣಿಗ್ ಹಿಡಿಬೇಡಿ ಅಂದ್ರ್. ಪಾಪ, ಅವ್ರಿಗೆ ಪೂರ್ತಿ ಗೊತ್ತಿಲ್ಲೆ."

ಕೂದಲೂ ಬರುತ್ತದಂತೆ! ಮಾವ ಒಂದು ತಿಂಗಳು ತಮ್ಮ ಬೋಳುತಲೆಗೂ ಹಿಡಿದುಕೊಂಡರು. ಕೂದಲು ಬರಲಿಲ್ಲ, ಹೊಳಪು ಬಂತು.

ಒಂದು ಸಂಜೆ ಕಿಟಕಿ ಕೆಂಪಾದದ್ದನ್ನು ಕಂಡು ಪಕ್ಕದ ಮನೆಯವರು ಬೇಲಿಯಿಂದಲೇ ಕರೆದರು: "ಹ್ವಾಯ್, ಕೋಳಿಮರಿ ಎಷ್ಟ್ ತಂದ್ರಿ?" ನಮ್ಮ ಕಡೆ ಮರಿಗಳನ್ನು ಬೆಚ್ಚಗಿಡಲು ಅಂಥದೇ ಬಲ್ಬು ಹಾಕುತ್ತಾರೆ. ಮಾವ ಅವರನ್ನು ಒಳಗೆ ಕರೆದು, ಕುತ್ತಿಗೆಗೆ ಹದಿನೈದು ನಿಮಿಷ ಬೆಳಕು ಬಿಟ್ಟು ಕಳುಹಿಸಿದರು. ಆಮೇಲೆ ಅವರು ಬೇಲಿಯ ಹತ್ತಿರ ಕಾಣಿಸಿಕೊಂಡದ್ದು ಕಡಿಮೆ.

ಬಲ್ಬಿನ ಸ್ಟ್ಯಾಂಡ್ ಮೊದಲ ವಾರವೇ ಮುರಿದಿತ್ತು. ಅಂದಿನಿಂದ ದಿನಾ ಸಂಜೆ ಅರ್ಧ ಗಂಟೆ ಮಾವ ಅತ್ತೆಯ ಪಕ್ಕ ಕೂತು, ಬಲ್ಬನ್ನು ಕೈಯಲ್ಲೇ ಹಿಡಿದುಕೊಂಡು ಹೋಟೆಲಿನ ಕಥೆ ಹೇಳುತ್ತಿದ್ದರು. ನೋವು ಮಾತ್ರ ಇಳಿಯಲೊಲ್ಲದು. ಸಾರಿನಲ್ಲಿ ಮೀನಿನ ತುಂಡುಗಳೇನೋ ಈಚೆಗೆ ಚಂದವಾಗಿದ್ದವು. ಮೀನು ಮಾರುವ ಹೆಂಗಸೇ ಕೊಯ್ದು ಕೊಡುತ್ತಾಳೆ ಎಂದು ಅತ್ತೆ ಹೇಳಿದ್ದರು.

ಮಾವನ ಕೈಯಾದರೂ ಎಷ್ಟೆಂದು ನೋಯಬೇಕು? ಕುಂದಾಪುರದಲ್ಲಿ ಹೊಸ ಸ್ಟ್ಯಾಂಡ್ ಮಾಡಿಸಿ, ಒಂದು ಬೆಳಿಗ್ಗೆ ಹೇಳದೆ ಕೇಳದೆ ಹಿತ್ತಿಲ ಬಾಗಿಲಿಗೆ ಹೋದೆ. ಮಾವ ಪೇಟೆಗೆ ಹೋಗಿದ್ದರು. ಅತ್ತೆ ನೆಲದಲ್ಲಿ ಕೂತು, ಮೆಟ್ಟುಕತ್ತಿಯಲ್ಲಿ ಬಂಗುಡೆ ಕೊಯ್ಯುತ್ತಿದ್ದರು! ನನ್ನನ್ನು ಕಂಡವರೇ ಗೋಡೆ ಹಿಡಿಯದೆ ಎದ್ದು ನಿಂತರು.

"ನಿನ್ ಮಾವನ ಹತ್ರ ಹೇಳ್ಬೇಡ ಮಗಾ. ನೋವ್ ಹೋಯಿ ಎರ್ಡ್ ತಿಂಗ್ಳಾಯ್ತ್."

"ಮತ್ತೆ ದಿನಾ ಆ ಬಲ್ಬ್ ಎಂತಕೆ ಅತ್ತೆ?"

ಅತ್ತೆ ಕೈ ತೊಳೆದುಕೊಂಡರು. "ಮೂವತ್ತ್ ವರ್ಷ ಬೊಂಬಾಯಗೆ ಇದ್ರ್. ವರ್ಷಕ್ಕೆ ಹದ್ನೈದ್ ದಿನ ಬಪ್ಪುದ್, ಹೋಪುದ್. ಈಗ ದಿನಾ ಅರ್ಧ ಗಂಟಿ ನನ್ ಹತ್ರ ಕೂಕಂತ್ರ್. ಗುಣ ಆಯ್ತ್ ಅಂದ್ರೆ ಎದ್ ಹೋತ್ರ್ ಅಲ್ದಾ?"



ಸಂಜೆ ಮಾವ ಬಲ್ಬು ಹಿಡಿದುಕೊಂಡು ಬಂದು ಕೇಳಿದರು: "ಇವತ್ತ್ ಹ್ಯಾಂಗಿತ್ತ್ ಕಾಲ್?"

"ಇನ್ನೂ ಸ್ವಲ್ಪ ಇತ್ತ್" ಎಂದು ಅತ್ತೆ ಕಾಲು ಚಾಚಿದರು.

ನಾನು ತಂದ ಸ್ಟ್ಯಾಂಡನ್ನು ಚೀಲದಿಂದ ಹೊರಗೆ ತೆಗೆಯದೆ, ಹಾಗೆಯೇ ಕುಂದಾಪುರಕ್ಕೆ ವಾಪಸ್ ಒಯ್ದೆ.