ಹುಬ್ಬುಗಂಟಿಗೆ ಐದು ಸೂಜಿ

ಸುಕ್ಕು ತೆಗೆಸಿಕೊಳ್ಳೋಕೆ ಬಂದವರು ಏನಾದರೊಂದು ಎಡವಟ್ಟು ಮಾಡದೆ ವಾಪಸ್ ಹೋದ ವಾರ ನಮ್ಮ ಕ್ಲಿನಿಕ್‌ನಲ್ಲಿ ಇನ್ನೂ ಬಂದಿಲ್ಲ. ಮಹದೇವಪುರದ ಒಂದು ಚರ್ಮದ ಕ್ಲಿನಿಕ್ ಅದು. ಬಾಗಿಲು ತೆಗೆದ ಕೂಡಲೇ ಕಾಣುವ ಟೇಬಲ್ ನನ್ನದು. ಫೋನ್ ಎತ್ತೋದು, ಅಪಾಯಿಂಟ್‌ಮೆಂಟ್ ಕೊಡೋದು, ಹೆದರಿದವರಿಗೆ ಧೈರ್ಯ ಹೇಳೋದು, ಇಂಜೆಕ್ಷನ್ ಆದಮೇಲೆ ಏನೇನು ಮಾಡಬಾರದು ಅಂತ ಒಪ್ಪಿಸೋದು, ಎಲ್ಲಾ ನಾನೇ. ಸೂಜಿ ಹಿಡಿಯೋದು ಡಾಕ್ಟರ್ ಮೇಡಂ ನಿಜ. ಆದ್ರೆ ಕ್ಲಿನಿಕ್ ನಡೀತಿರೋದು ನನ್ನಿಂದ. ಮೇಡಂ ಇದನ್ನ ಒಪ್ಪಲ್ಲ, ಅದು ಅವರಿಷ್ಟ.

ನನ್ನದು ಆನೇಕಲ್ ಆಚೆಯ ಹಳ್ಳಿ. ನೋಡೋಕೆ ಹೀರೋ ಥರಾನೇ ಇದ್ದೀನಿ, ಸುಳ್ಳು ಯಾಕೆ ಹೇಳ್ಲಿ. ಒಂದೇ ಒಂದು ಐಬು. ಚಿಕ್ಕವನಿದ್ದಾಗಿಂದ ಹೊಲದಲ್ಲಿ ಬಿಸಿಲಿಗೆ ಹುಬ್ಬು ಗಂಟಿಕ್ಕಿ ಗಂಟಿಕ್ಕಿ, ಎರಡು ಹುಬ್ಬಿನ ನಡುವೆ ಎರಡು ಗೆರೆ ಬಿದ್ದಿವೆ, ಕೆಸರಿನಲ್ಲಿ ಟ್ರ್ಯಾಕ್ಟರ್ ಹೋದ ಜಾಡಿನ ಹಾಗೆ. ಫೋಟೋದಲ್ಲಿ ಯಾರಿಗೋ ಹೊಡೆಯೋಕೆ ಹೊರಟವನ ಥರ ಕಾಣ್ತೀನಿ. ಮೂರು ಕಡೆ ಹೆಣ್ಣಿನವರು ಫೋಟೋ ನೋಡಿಯೇ, "ಹುಡುಗ ಮುಂಗೋಪಿ ಅನ್ಸುತ್ತೆ, ನಮ್ಮ ಮಗಳು ಬಾಳಲ್ಲ" ಅಂತ ಹೇಳಿ ಕಳಿಸಿದ್ರು. ನನಗೋ ಸಿಟ್ಟೇ ಬರಲ್ಲ. ಹಾಗಂದವರ ಮೇಲೆ ಮಾತ್ರ ಬರುತ್ತೆ.

ಗೌಡರಿಗೆ ಸಿಟ್ಟು ಬಂದಿದೆ

ನಾನು ಬಾಡಿಗೆಗಿರೋ ರೂಮಿನ ಓನರ್ ಗೌಡ್ರು ಇಲ್ಲಿನ ಮೂಲ ಊರಿನವರು. ಅವರು ರಾಗಿ ಬೆಳೀತಿದ್ದ ಜಾಗದಲ್ಲಿ ಈಗ ಮೂರು ಬಿಲ್ಡಿಂಗ್ ನಿಂತಿವೆ. ಅವುಗಳ ತುಂಬಾ ಬಾಡಿಗೆಗಿರೋರು ಉತ್ತರ ಕರ್ನಾಟಕದಿಂದ ಕಟ್ಟಡ ಕೆಲಸಕ್ಕೆ ಬಂದ ಹುಡುಗರು. ಗೌಡ್ರು ಹುಬ್ಬು ಗಂಟಿಕ್ಕಿದ್ರೆ ಸಾಕು, ಮೂರೂ ಬಿಲ್ಡಿಂಗಿನ ಟಿ.ವಿ. ಸೌಂಡು ತಾನೇ ಇಳಿಯೋದು.

ಒಂದು ದಿನ ಅವರೇ ಕ್ಲಿನಿಕ್‌ಗೆ ಬಂದ್ರು. "ಲೋ, ಹುಟ್ಟುಹಬ್ಬಕ್ಕೆ ಹುಡುಗ್ರು ಫ್ಲೆಕ್ಸ್ ಹಾಕಿಸ್ತಾರಂತೆ. ನನ್ನ ಹಣೆ ಒಣಗಿದ ಕೆರೆ ಥರ ಕಾಣುತ್ತೆ ಕಣೋ. ಅದೇನೋ ಸೂಜಿ ಇದ್ಯಂತಲ್ಲ, ಚುಚ್ಚಿಸು."

ಚುಚ್ಚಿಸಿದೆ. ಫ್ಲೆಕ್ಸ್‌ನಲ್ಲಿ ಅವರ ಹಣೆ ಹೊಸ ಟೈಲ್ಸಿನ ಹಾಗೆ ಮಿಂಚಿತು. ಮುಂದಿನ ವಾರ ಯಾವನೋ ಗೇಟಿಗೆ ಅಡ್ಡ ಬೈಕ್ ನಿಲ್ಲಿಸಿದ್ದ. ಗೌಡ್ರು ಮೆಟ್ಟಿಲ ಮೇಲೆ ನಿಂತು ಏರಿಯಾ ಅದುರೋ ಹಾಗೆ ಕೂಗಿದ್ರು. ಹುಡುಗರು ತಲೆ ಎತ್ತಿ ನೋಡಿದ್ರೆ ಮುಖ ದೇವರ ಪಟದಷ್ಟು ಶಾಂತ.

"ಏನ್ ಗೌಡ್ರ, ಇವತ್ತ ಭಾಳ ಖುಷ್ಯಾಗ ಅದೀರಲ್ರೀ! ನಾಟಕದ ಮಾತೇನ್ರೀ ಇವು? ಇನ್ನೊಮ್ಮೆ ಅನ್ರೀ, ವಿಡಿಯೋ ಮಾಡ್ಕೋತೀವಿ."

ಗೌಡ್ರು ನೇರವಾಗಿ ನನ್ನ ಟೇಬಲ್‌ಗೆ ಬಂದ್ರು. "ಗಂಟಲು ಹರಿಯೋ ಹಂಗೆ ಬೈದ್ರೆ ಟೀ ಕುಡೀತೀರಾ ಅಂತ ಕೇಳ್ತಾರಲ್ಲೋ! ನನ್ನ ಹಳೇ ಮುಖ ಯಾವಾಗ ಬರುತ್ತೆ?"

"ಸೂಜಿ ಹಣೆಯನ್ನ ಅಲ್ಲಾಡದ ಹಾಗೆ ಹಿಡಿದಿದೆ ಗೌಡ್ರೇ, ಬಿಡೋಕೆ ಮೂರ್ನಾಲ್ಕು ತಿಂಗಳು ಆಗುತ್ತೆ."

"ಅಲ್ಲೀವರೆಗೂ ಏನ್ ಮಾಡ್ಲಿ?"

"ಓನರ್‌ಗೆ ಸಿಟ್ಟು ಬಂದಿದೆ ಅಂತ ಬೋರ್ಡ್ ಬರೆಸಿ."

ನಾನು ತಮಾಷೆಗೆ ಅಂದಿದ್ದು. ಮಾರನೇ ದಿನ ಬೆಳಗ್ಗೆ ಗೇಟಿನಲ್ಲಿ ಬೋರ್ಡ್ ನೇತಾಡ್ತಿತ್ತು.

ಹಲ್ಲು ನೋವು

ವೈಟ್‌ಫೀಲ್ಡ್ ಕಡೆಯ ಟೆಕ್ ಪಾರ್ಕಿನಿಂದ ಒಬ್ಬ ಸಾಹೇಬ್ರು ಬಂದ್ರು. ಟೇಬಲ್ ಮೇಲೆ ಬಗ್ಗಿ ಪಿಸುಗುಟ್ಟಿದ್ರು: "ಹೆಂಡತಿಗೆ ಹಲ್ಲಿನ ಡಾಕ್ಟರ್ ಹತ್ರ ಹೋಗ್ತೀನಿ ಅಂದಿದ್ದೀನಿ. ಗೊತ್ತಾದ್ರೆ ಮಾನ ಹೋಗುತ್ತೆ."

"ಸಾರ್, ಗುಟ್ಟು ಕಾಪಾಡೋದ್ರಲ್ಲಿ ಈ ಏರಿಯಾದಲ್ಲಿ ನನ್ನ ಮೀರಿಸೋರಿಲ್ಲ" ಅಂದೆ. ಚರ್ಮ ಜೋಮು ಹಿಡಿಯೋಕೆ ಹಣೆಗೆ ಕ್ರೀಮ್ ಹಚ್ಚಿ, ಮೇಲೆ ತೆಳು ಪ್ಲಾಸ್ಟಿಕ್ ಅಂಟಿಸಿ, ಒಳರೂಮಿನಲ್ಲಿ ಕೂರಿಸಿದ್ವಿ. ಅರ್ಧ ಗಂಟೆ ಹಾಗೇ ಕೂರಬೇಕು.

ಹತ್ತು ನಿಮಿಷಕ್ಕೆ ಒಬ್ಬರು ಮೇಡಂ ಬಂದ್ರು. ಅವರೂ ಪಿಸುಗುಟ್ಟಿದ್ರು: "ನಮ್ಮನೆಯವ್ರಿಗೆ ರೂಟ್ ಕೆನಾಲ್ ಅಂತ ಹೇಳಿ ಬಂದಿದ್ದೀನಿ." ಇವರಿಗೂ ಧೈರ್ಯ ಹೇಳಿದೆ. ಕ್ರೀಮು, ಪ್ಲಾಸ್ಟಿಕ್ಕು, ಅದೇ ಒಳರೂಮು. ಎರಡು ಕುರ್ಚಿಯ ನಡುವೆ ಒಂದು ಪರದೆ ಇತ್ತು, ಅಷ್ಟೇ.

ಸ್ವಲ್ಪ ಹೊತ್ತಿಗೆ ಸಾಹೇಬ್ರು ಹೆಂಡತಿಗೆ ಫೋನ್ ಹಚ್ಚಿದ್ರು. ಪರದೆಯ ಆಚೆ ರಿಂಗ್ ಆಯ್ತು.

"ಹಲೋ, ಇಲ್ಲಿ ತುಂಬಾ ರಷ್ ಕಣೇ, ಲೇಟಾಗುತ್ತೆ."

"ಇಲ್ಲೂ ರಷ್ಷೇ ಕಣ್ರೀ..."

ಪರದೆ ಸರ್ರನೆ ಸರಿಯಿತು. ಹೆಂಡತಿ ಗಂಡನ ಹಣೆಯ ಪ್ಲಾಸ್ಟಿಕ್ ನೋಡಿದ್ರು.

"ಏನ್ರೀ, ನಿಮ್ಮ ಹಲ್ಲು ಅಲ್ಲಿ ಮೊಳೆತಿದ್ಯಾ?"

"ನಿನ್ನ ರೂಟ್ ಕೆನಾಲ್ ಪಕ್ಕದಲ್ಲೇ" ಅಂದ್ರು ಸಾಹೇಬ್ರು.

ಅಜ್ಜಿಯ ಆಸ್ತಿ

ನಮ್ಮಜ್ಜಿ ಒಂದು ಸಲ ಚೀಲದ ತುಂಬಾ ಅವರೆಕಾಯಿ ಹೊತ್ಕೊಂಡು ಕ್ಲಿನಿಕ್‌ಗೇ ಬಂದ್ಬಿಟ್ಲು. ಗೋಡೆ ಮೇಲೆ ಒಬ್ಬ ಹೆಂಗಸಿನ ಎರಡು ಫೋಟೋ ಇದೆ, ಸೂಜಿಗೆ ಮುಂಚೆ ಮತ್ತು ಆಮೇಲೆ. ಅಜ್ಜಿ ಅದರ ಮುಂದೆ ನಿಂತು, "ಇವಳ ಗಂಡ ಎಂಗ್ಲಾ ಗುರ್ತು ಇಡೀತಾನೆ?" ಅಂದ್ಲು.

ಮೇಡಂ ನಕ್ಕು, "ಅಜ್ಜಿ, ನಿಮಗೂ ಮಾಡ್ಲಾ?" ಅಂತ ಕೇಳಿದ್ರು.

"ಬ್ಯಾಡ ಕಣವ್ವ. ಈ ಸುಕ್ಕೆಲ್ಲ ಇವನ ತಾತ ಕೊಟ್ಟಿದ್ದು. ಆ ಮನುಷ್ಯ ಬ್ಯಾರೆ ಏನೂ ಕೊಡ್ನಿಲ್ಲ, ಇದನ್ನೂ ಕಳ್ಕೊಳ್ಳಾ?"

ಮೂಗುದಾರದ ವೀರ

ಗೌಡ್ರು ಸಿಟ್ಟಿಲ್ಲದ ಮುಖದಲ್ಲೇ ನನಗೊಂದು ಸಂಬಂಧ ತಂದ್ರು. ಅವರ ದೂರದ ನೆಂಟರು. ಹುಡುಗಿಗೆ ಪೀಣ್ಯದ ಕಾರ್ಖಾನೆಯಲ್ಲಿ ಕೆಲಸ. ಮೆಷಿನ್ನಿಂದ ಬರೋ ಪೀಸುಗಳನ್ನ ಒಂದೊಂದಾಗಿ ನೋಡಿ, ಸರಿ ಇದ್ರೆ ಪಾಸು, ಸಣ್ಣ ತಪ್ಪಿದ್ರೆ ತಿದ್ದೋಕೆ ರೀವರ್ಕು, ಕೆಟ್ಟಿದ್ರೆ ರಿಜೆಕ್ಟು. "ಫೋಟೋ ತೋರಿಸಿಲ್ಲ ಕಣೋ" ಅಂದ್ರು ಗೌಡ್ರು. "ತೋರಿಸಿದ್ರೆ ಕೆಡುತ್ತೆ. ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ನೇರವಾಗಿ ಹೋಗೋಣ. ಆ ಮಗುಗೆ ರಜ ಸಿಗೋದು ಅವತ್ತೇ."

ನಾಲ್ಕನೇ ಸಲ ಬಿಡೋ ಹಾಗಿರಲಿಲ್ಲ. ಆ ಶುಕ್ರವಾರ ಮೇಡಂ ಕಾಲು ಹಿಡಿದೆ. "ನಿನಗ್ಯಾಕೋ ಈ ವಯಸ್ಸಿಗೆ?" ಅಂತ ಬೈದು, ಕೊನೆಗೆ ಕೂರಿಸಿದ್ರು.

"ಹೆದರ್ಕೋಬೇಡ."

"ನಾನಾ ಮೇಡಂ? ನಮ್ಮೂರಲ್ಲಿ ಹೋರಿಗೆ ಮೂಗುದಾರ ಹಾಕುವಾಗ ಕೊಂಬು ಹಿಡ್ಕೊಳ್ಳೋನೇ ನಾನು." ಹಣೆಗೆ ತಣ್ಣಗೆ ಏನೋ ತಗುಲಿತು. "ಅಯ್ಯಯ್ಯೋ ಅಮ್ಮಾ!" ಅಂತ ಕಿರುಚಿದೆ.

"ಇನ್ನೂ ಚುಚ್ಚಿಲ್ಲ ಕಣಪ್ಪ, ಹತ್ತಿಯಲ್ಲಿ ಒರೆಸಿದ್ದು" ಅಂದ್ರು ಮೇಡಂ. ಆವತ್ತು ಹೋರಿಯ ಕಷ್ಟ ನನಗೆ ಅರ್ಥ ಆಯ್ತು.

ಐದು ಸೂಜಿ. ಮುಗಿದಮೇಲೆ ಮೇಡಂ, "ಏನ್ ಮಾಡಬಾರದು, ಹೇಳು" ಅಂದ್ರು. ದಿನಾ ಎಲ್ಲರಿಗೂ ಒಪ್ಪಿಸೋ ಪಾಠ, ಗಡಗಡ ಹೇಳಿದೆ: ನಾಲ್ಕು ಗಂಟೆ ಮಲಗಬಾರದು, ಬಗ್ಗಬಾರದು, ಹಣೆ ಒತ್ತಬಾರದು, ತಿಕ್ಕಬಾರದು. ಔಷಧಿ ಜಾಗ ಬಿಟ್ಟು ಜರುಗಿಬಿಡುತ್ತೆ.

ಹೊರಗೆ ಬಂದ್ರೆ ಅಜ್ಜಿ ನಿಂತಿದ್ಲು. ಸಂಬಂಧದ ಸುದ್ದಿ ಕೇಳಿ ಮನೆದೇವರಿಗೆ ಪೂಜೆ ಮಾಡಿಸಿ, ಬಸ್ ಹತ್ತಿ ಬಂದಿದ್ಲು. ಸೆರಗಿನ ಗಂಟಿನಲ್ಲಿ ವಿಭೂತಿ.

"ಬಗ್ಗೋ ಮಗಾ."

"ಅಜ್ಜಿ, ಈಗ ಬೇಡ, ಸಾಯಂಕಾಲ..."

"ದೇವ್ರ ಪರ್ಸಾದಕ್ಕೆ ಈಗ ಬ್ಯಾಡ ಅಂತೀಯೇನ್ಲಾ? ಅದಕ್ಕೇ ನಿಂಗೆ ಎಣ್ಣು ಸಿಗ್ದಿರೋದು!"

ಇಡೀ ವೈಟ್‌ಫೀಲ್ಡ್‌ಗೆ ಬುದ್ಧಿ ಹೇಳೋ ನಾನು ಬಗ್ಗಿದೆ. ನಮ್ಮಜ್ಜಿಯ ಹೆಬ್ಬೆರಳು ಸಾಮಾನ್ಯದ್ದಲ್ಲ. ಅರವತ್ತು ವರ್ಷ ಮುದ್ದೆ ಕಟ್ಟಿದ ಕೈ. ಹುಬ್ಬಿನ ನಡುವೆ ಊರಿ, ಎಡಗಡೆಗೆ ಎಳೆದು, ಇನ್ನೂ ಒಂದು ಸಲ ಒತ್ತಿ, "ಇನ್ನು ಎಲ್ಲಾ ಸರಿ ಓಯ್ತದೆ" ಅಂದ್ಲು.

ಐದನೇ ದಿನ ಎದ್ದು ಕನ್ನಡಿ ನೋಡಿದೆ. ಗೆರೆ ಎರಡೂ ಮಾಯ. ಜೊತೆಗೆ ಎಡಗಣ್ಣಿನ ರೆಪ್ಪೆ ಅರ್ಧಕ್ಕೆ ಇಳಿದಿತ್ತು, ಮಧ್ಯಾಹ್ನದ ಅಂಗಡಿ ಷಟರ್ ಥರ.

ಒಂದೂವರೆ ಕಣ್ಣಿನ ವರ

"ಯಾರು ಒತ್ತಿದ್ದು?" ಅಂದ್ರು ಮೇಡಂ.

"ದೇವರು" ಅಂದೆ.

"ತಾನಾಗಿ ಸರಿ ಹೋಗುತ್ತೆ. ಆದ್ರೆ ಎರಡು ತಿಂಗಳು ಬೇಕು." ನನಗಿದ್ದಿದ್ದು ನಾಲ್ಕು ದಿನ.

ಭಾನುವಾರ ಹೋದ್ವಿ. ಸುಮ್ಮನೆ ಕೂತ್ರೆ ರೆಪ್ಪೆ ಅರ್ಧ ಇಳಿದಿರೋದು. ನಕ್ಕರೆ ಕೆನ್ನೆ ಮೇಲೇರಿ ಪೂರ್ತಿ ಮುಚ್ಚಿಕೊಳ್ಳೋದು. ಇದು ನನಗೆ ಗೊತ್ತಾಗಿದ್ದು ಹುಡುಗಿಯ ಅಮ್ಮ ಉಪ್ಪಿಟ್ಟಿನ ತಟ್ಟೆ ಕೊಟ್ಟಾಗ. ಮರ್ಯಾದೆಗೆ ನಕ್ಕೆ. ಆಯಮ್ಮ ತಟ್ಟೆ ಅಲ್ಲೇ ಇಟ್ಟು ಒಳಗೆ ಓಡಿದ್ರು.

ಹುಡುಗಿಯ ಅಪ್ಪನಿಗೆ ಏನೋ ಅನುಮಾನ. ಕೆಮ್ಮಿದ್ರು. ನಾನು ಅವರನ್ನ ನೋಡಿ ವಿನಯವಾಗಿ ನಕ್ಕೆ. ಅವರಿಗೂ ಕಣ್ಣು ಹೊಡೆದ ಹಾಗಾಯ್ತು.

"ಏನಯ್ಯಾ ಇದು! ನಮ್ಮನೇಲಿ ಕೂತು, ನಮ್ಮ ಹೆಂಗಸ್ರಿಗೆ ಕಣ್ಣು ಹೊಡೀತೀಯಾ? ನನಗೂ ಹೊಡೀತೀಯಾ?"

ಗಾಬರಿಯಾಯ್ತು. ಆದ್ರೆ ಗಾಬರಿ ತೋರಿಸೋಕೆ ಹುಬ್ಬು ಏಳಬೇಕಲ್ಲ! ಹಣೆ ಅಲ್ಲಾಡಲಿಲ್ಲ. ಕಾಪಾಡಿ ಅಂತ ಗೌಡ್ರ ಕಡೆ ತಿರುಗಿದೆ. ಪಾಪ, ಅವರೂ ನನ್ನಷ್ಟೇ ಗಾಬರಿಯಾಗಿದ್ರು, ಮುಖದಲ್ಲಿ ಏನೂ ಇಲ್ಲ.

"ನೋಡ್ರೀ, ಗೌಡ್ರು ಹೆಂಗೆ ಆರಾಮಾಗಿ ಕೂತವ್ರೆ! ಇಬ್ರೂ ಸೇರ್ಕೊಂಡು ಆಟ ಆಡಿಸ್ತಾವ್ರೆ!" ಅಂತ ಅಪ್ಪ ಎದ್ದು ನಿಂತ್ರು.

ನಾಲ್ಕನೇ ಸಂಬಂಧವೂ ಬಾಗಿಲ ತನಕ ಹೋಗಿಬಿಟ್ಟಿತ್ತು. ಅಷ್ಟರಲ್ಲಿ ಹುಡುಗಿ ಈಚೆಗೆ ಬಂದಳು. ಎದುರಿಗೆ ನಿಂತು, ಬೆಳಕಿಗೆ ತಿರುಗು ಅಂತ ಕೈ ಮಾಡಿದಳು. ತಿರುಗಿದೆ. ಆ ಕಡೆ ಅಂದಳು. ಆ ಕಡೆಗೂ ತಿರುಗಿದೆ.

"ಏನ್ ಮಾಡ್ಕೊಂಡ್ರಿ? ನಿಜ ಹೇಳಿ."

ಜಂಭ ಎಲ್ಲಾ ಬಿಟ್ಟು ಹೇಳಿದೆ. ಗೆರೆ, ಫೋಟೋ, ಮೂರು ಮನೆಯವರು, ಐದು ಸೂಜಿ, ಅಜ್ಜಿಯ ಹೆಬ್ಬೆರಳು, ಗೆರೆ ವಾಪಸ್ ಬರೋಕೆ ಬೇಕಾದ ನಾಲ್ಕು ತಿಂಗಳು. ಒಳಗಿಂದ ಕೇಳಿಸ್ಕೊಂಡು ಅವಳಮ್ಮನೂ ಬಂದು ಎದುರಿಗೆ ಕೂತ್ರು. ಹುಡುಗಿ ನಗು ತಡ್ಕೊಂಡಿದ್ದು ಗೊತ್ತಾಗ್ತಿತ್ತು.

"ಅಪ್ಪಾ, ಕೂತ್ಕೋ" ಅಂದಳು. "ಇದು ರಿಜೆಕ್ಟ್ ಪೀಸ್ ಅಲ್ಲ, ರೀವರ್ಕ್. ನಾಲ್ಕು ತಿಂಗಳು ಬಿಟ್ಟು ಗೆರೆ ಸಮೇತ ಬರ್ಲಿ. ಆಗ ಪಾಸ್ ಮಾಡ್ತೀನಿ."

ನನಗೆ ಖುಷಿ ತಡೆಯೋಕಾಗಲಿಲ್ಲ. ಬಾಯ್ತುಂಬಾ ನಕ್ಕುಬಿಟ್ಟೆ, ಎದುರಿಗೆ ಕೂತಿದ್ದ ಅವಳಮ್ಮನ ಕಡೆ ನೋಡ್ಕೊಂಡು.