ನಮ್ಮ ಭಾವನಿಗೊಂದು ಗೋಡೆ ಬೇಕಾಗಿದೆ

ನಮ್ಮ ಭಾವನ ಮುಖ ಹೇಗಿದೆ ಎಂದು ಯಾರಾದರೂ ಕೇಳಿದರೆ ನಾನು ಹೇಳಲಾರೆ. ಮೂಗಿನಿಂದ ಕೆಳಗಿನದನ್ನು ಬೇಕಾದರೆ ಚೆನ್ನಾಗಿ ಬಲ್ಲೆ. ಮೇಲಿನದೆಲ್ಲ ಸದಾ ಕ್ಯಾಮೆರಾದ ಹಿಂದೆ! ಮದುವೆಯ ದಿನ ಅಕ್ಕ ಪೂರ್ತಿ ಮುಖವನ್ನೇ ನೋಡಿ ಒಪ್ಪಿದ್ದಳು, ಅದಕ್ಕೆ ನಾನೇ ಸಾಕ್ಷಿ. ಈಗ ಅವಳು ಹೇಳುವುದೇ ಬೇರೆ: "ನನ್ ಗಂಡನ್ ಮೊಕ ನೋಡ್ಬೇಕು ಅಂದ್ರೆ ಬ್ಯಾಟರಿ ಖಾಲಿಯಾಗೋಗಂಟ ಕಾಯ್ಬೇಕು ಕಣೇ."

ಭಾವನದು ಹುಣಸೂರಿನ ಬಸ್ ನಿಲ್ದಾಣದ ಹತ್ತಿರ ಬೀಜ, ಗೊಬ್ಬರ, ಔಷಧಿಯ ಅಂಗಡಿ. ತಂದೆಯ ಕಾಲದಿಂದ ಬಂದ ಒಳ್ಳೆಯ ವ್ಯಾಪಾರ. ಆದರೆ ಹುಳ ತಿಂದ ಹೊಗೆಸೊಪ್ಪಿನ ಎಲೆ ಹಿಡಿದು ಬಂದ ರೈತ "ಅಣ್ಣೋ, ಇದ್ಕೇನ್ ಹೊಡಿಯದು?" ಎಂದು ಕೇಳಿದರೆ ಭಾವ ಏನು ಮಾಡುತ್ತಾರೆ ಗೊತ್ತೆ? ತೂತುಗಳಲ್ಲಿ ಬಿಸಿಲು ತೂರಿ ಬರುವುದನ್ನು ನೋಡಿ, "ಆಹಾ! ಅಂಗೇ ಇಡ್ಕೊ, ಅಲ್ಲಾಡ್ಬೇಡ" ಎಂದು ಕ್ಯಾಮೆರಾ ತರಲು ಒಳಗೆ ಓಡುತ್ತಾರೆ. ಲೆನ್ಸು ಬದಲಾಯಿಸಿ ಹೊರಗೆ ಬರುವಷ್ಟರಲ್ಲಿ ಹುಳ ಮಿಕ್ಕ ಎಲೆಯನ್ನೂ ಮುಗಿಸಿರುತ್ತದೆ, ರೈತ ಎದುರಂಗಡಿಯಲ್ಲಿ ಔಷಧಿ ಕೊಂಡು ಮನೆ ಸೇರಿರುತ್ತಾನೆ.

ಹೊಸ ಕ್ಯಾಮೆರಾ ಮಾರುಕಟ್ಟೆಗೆ ಬಂದ ಸುದ್ದಿ ಭಾವನಿಗೆ ಅದು ಹೇಗೆ ತಿಳಿಯುತ್ತದೋ! ಎದುರು ಮನೆಯಲ್ಲಿ ಮಗು ಹುಟ್ಟಿದರೆ ನಾಮಕರಣದ ಊಟಕ್ಕೆ ಕರೆದಾಗಲೇ ಅವರಿಗೆ ಗೊತ್ತಾಗುವುದು. ಕ್ಯಾಮೆರಾ ಹುಟ್ಟಿದರೆ ಮಾತ್ರ ಅದರ ತೂಕ, ಉದ್ದ, ಗುಣ, ನಡತೆಯೆಲ್ಲ ಆವತ್ತೇ ಬಾಯಿಪಾಠ. ಆಯುಧಪೂಜೆಯ ದಿನ ಅಂಗಡಿಯ ತಕ್ಕಡಿಗೆ ಒಂದು ಚೆಂಡುಹೂವು, ಕ್ಯಾಮೆರಾಗಳಿಗೆ ಒಂದೊಂದು ಸೇವಂತಿಗೆ ಹಾರ, ಮುಂದೆ ಒಂದೊಂದು ನಿಂಬೆಹಣ್ಣು!

"ಹಳೇದಕ್ಕೆ ಏನಾಗಿತ್ತು ಭಾವ?" ಎಂದು ಒಮ್ಮೆ ಕೇಳಿದೆ.

"ಇದ್ರಲ್ಲಿ ಇರುವೆ ಮೀಸೆನೂ ಎಣಿಸ್ಬೋದು ಕಣೇ."

"ಎಣಿಸಿ?"

ಭಾವ ಲೆನ್ಸು ಒರೆಸುತ್ತಾ ಒಳಗೆ ಹೋದರು. ದೊಡ್ಡ ಕಲಾವಿದರು ಇಂಥ ಪ್ರಶ್ನೆಗಳಿಗೆ ಉತ್ತರ ಕೊಡುವುದಿಲ್ಲವಂತೆ.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳಬಹುದಿತ್ತು. ಇದರ ಜೊತೆಗೆ ಪಟ್ಟಣದ ಹುಚ್ಚು ಬೇರೆ! "ಹುಣಸೂರಲ್ಲಿ ಏನದೆ ಕಣೇ ತೆಗ್ಯಕ್ಕೆ? ಲೈಫ್ ಅಂದ್ರೆ ಸಿಟಿದು" ಎಂದು ಭಾನುವಾರ ಬೆಳಗಾದರೆ ಸಾಕು, ಮೈಸೂರಿಗೋ ಬೆಂಗಳೂರಿಗೋ ಬಸ್ಸು ಹತ್ತಿಬಿಡುತ್ತಾರೆ. ಅಲ್ಲಿ ಇವರಿಗೆ ಬೇಕಾದದ್ದು ಅರಮನೆಯೂ ಅಲ್ಲ, ತೋಟವೂ ಅಲ್ಲ. ಮೇಲ್ಸೇತುವೆ! ಮೆಟ್ರೋ ಮೆಟ್ಟಿಲು! ಸಿಗ್ನಲ್ಲಿನಲ್ಲಿ ಹಲ್ಲು ಕಚ್ಚಿಕೊಂಡು ನಿಂತ ಜನ! ಆ ಜನರಾದರೋ ಆ ಸಿಗ್ನಲ್ಲಿನಿಂದ ಯಾವಾಗ ಪಾರಾಗುತ್ತೇವಪ್ಪಾ ಎಂದು ಒದ್ದಾಡುತ್ತಿದ್ದರೆ, ಇವರು ಅದರ ನಡುಮಧ್ಯೆ ಮಂಡಿಯೂರಿ ಕೂತು "ಎಂಥಾ ಬದುಕು!" ಎಂದು ಕಣ್ಣರಳಿಸುತ್ತಾರೆ. ಒಮ್ಮೆ ಅಕ್ಕನನ್ನೂ ಕರೆದುಕೊಂಡು ಹೋಗಿದ್ದರು. ಪೊಲೀಸಿನವನು ಸೀಟಿ ಊದಿ ಊದಿ ಸುಸ್ತಾಗಿ, ಕೊನೆಗೆ ಅಕ್ಕನ ಕಡೆ ತಿರುಗಿ, "ಅಮ್ಮಾ, ಇವ್ರನ್ನ ಮನೇಲಿ ಯಾರೂ ನೋಡ್ಕೊಳ್ಳೋರಿಲ್ವಾ?" ಎಂದು ಕೇಳಿದನಂತೆ.

"ನೀನೇನಂದೆ?" ಎಂದೆ.

"ನಾನ್ಯಾರೋ ಗೊತ್ತಿಲ್ದೋಳಂಗೆ ಆ ಕಡೆ ತಿರುಕ್ಕಂಡೆ" ಎಂದಳು ಅಕ್ಕ.

ಇಷ್ಟೆಲ್ಲ ಪಾಡುಪಟ್ಟು ತೆಗೆದ ಚಿತ್ರಗಳನ್ನು ಏನು ಮಾಡಬೇಕು? ಅಲ್ಲೇ ಇದ್ದದ್ದು ಭಾವನ ನಿಜವಾದ ಸಂಕಟ. ತಾನು ತೆಗೆದ ಒಂದೇ ಒಂದು ಫೋಟೋ ಯಾರದ್ದಾದರೂ ಮನೆಯ ಗೋಡೆ ಮೇಲೆ ಇರಬೇಕು, ಜನ ಅದನ್ನು ದಿನಾ ನೋಡಬೇಕು. ಅಷ್ಟೇ ಅವರ ಆಸೆ. "ನಮ್ ಮನೇಲೇ ನಾವು ನೇತಾಕ್ಕಂಡ್ರೆ ಅದೇನ್ ಬಂತು? ಬೇರೇವ್ರು ಇಷ್ಟಪಟ್ಟು ಒಂದು ಮೊಳೆ ಹೊಡೀಬೇಕು ಕಣೇ" ಎನ್ನುತ್ತಿದ್ದರು. ಅದರಲ್ಲೂ ಅವರ ಕಣ್ಣಿದ್ದದ್ದು ನಮ್ಮ ಅಪ್ಪನ ಗೋಡೆಯ ಮೇಲೆ.

ಅಪ್ಪ ಕೆ.ಆರ್. ನಗರದಲ್ಲಿ ನನ್ನ ಜೊತೆಗಿದ್ದಾರೆ. ನಾವಿಬ್ಬರೂ ಹೆಣ್ಣುಮಕ್ಕಳೇ. ಹಾಗಾಗಿ ಹಿರಿಯ ಅಳಿಯನೇ ಮಗನಂತೆ ಎಂದು ಊರೆಲ್ಲ ಹೇಳುತ್ತಿತ್ತು. ಅಪ್ಪ ಮಾತ್ರ ಹೇಳುತ್ತಿರಲಿಲ್ಲ. ಅವರ ಲೆಕ್ಕದಲ್ಲಿ ಅಂಗಡಿ ಬಿಟ್ಟು ಬೀದಿ ತಿರುಗುವವನು ಅಳಿಯನೇ ಅಲ್ಲ. ಇಷ್ಟು ವರ್ಷವಾದರೂ ಹೆಸರು ಹಿಡಿದು ಕರೆದದ್ದಿಲ್ಲ, "ಏಯ್ ಪೋಟ" ಎಂದೇ ಕರೆಯುತ್ತಿದ್ದರು. ನಮ್ಮ ಮನೆಯ ಗೃಹಪ್ರವೇಶಕ್ಕೆ ಭಾವ ಬಾಗಿಲಗಲದ ಮೇಲ್ಸೇತುವೆಯ ಚಿತ್ರಕ್ಕೆ ಕಟ್ಟು ಹಾಕಿಸಿ ತಂದಾಗ ಅಪ್ಪ ಅದನ್ನು ಮೇಲಿಂದ ಕೆಳಗಿನವರೆಗೆ ನೋಡಿದರು.

"ಗ್ವಾಡೆ ಮ್ಯಾಲೆ ಸೇತ್ವೆ ಮಡಿಕ್ಕಂಡು ಯಾವ್ ಹೊಳೆ ದಾಟಾನ್ಲಾ?"

"ಅಲಂಕಾರಕ್ಕೆ ಮಾವ."

"ಗ್ವಾಡೆ ಮ್ಯಾಲೆ ದೇವ್ರಿರ್ಬೇಕು, ಇಲ್ಲ ಸತ್ತೋರಿರ್ಬೇಕು. ಇದ್ರಲ್ಲಿ ಇದ್ಯಾವ್ದು?"

ಆ ಚಿತ್ರ ಈಗಲೂ ನಮ್ಮ ಮನೆಯಲ್ಲೇ ಇದೆ. ಹಿತ್ತಲಿನ ನೀರಿನ ಡ್ರಮ್ಮಿಗೆ ಬಹಳ ಒಳ್ಳೆಯ ಮುಚ್ಚಳ.

ಇನ್ನು ಪಟ್ಟಣದವರ ಕಥೆ ಕೇಳಿ. ಇವರು ಅಲ್ಲಿಗೆ ಓಡಿದರೆ ಅವರು ಇಲ್ಲಿಗೆ ಓಡಿ ಬರುತ್ತಾರೆ! ಎಚ್.ಡಿ. ಕೋಟೆ ಕಡೆಗೆ ಹುಲಿ ಹುಡುಕಿಕೊಂಡು ಬರುವ ಕಾರುಗಳು, ಹುಲಿ ಸಿಗದಿದ್ದರೆ ದಾರಿಯಲ್ಲಿ ಸುಕ್ಕುಬಿದ್ದ ಮುದುಕಿಯರನ್ನು ಹುಡುಕುತ್ತವೆ. ನಮ್ಮ ಕಡೆಯ ಅಜ್ಜಿಯರಿಗೂ ಈಗ ಅಭ್ಯಾಸವಾಗಿದೆ. ಕಾರು ನಿಂತ ಸದ್ದಾದರೆ ಸಾಕು, ತಾವಾಗಿಯೇ ಗಲ್ಲಕ್ಕೆ ಕೈಕೊಟ್ಟು ದೂರಕ್ಕೆ ನೋಡುತ್ತಾರೆ. ಒಂದು ಭಾನುವಾರ ಭಾವ ಧೂಳಿಗೆಂದು ತಲೆಗೆ ಟವೆಲ್ ಸುತ್ತಿಕೊಂಡು ಬಸ್ಸಿಗೆ ಕಾಯುತ್ತಿದ್ದರು. ಹೆಗಲಿಗೆ ತರಕಾರಿ ಚೀಲ. ಕಳ್ಳರ ಭಯಕ್ಕೆ ಕ್ಯಾಮೆರಾವನ್ನು ಅದರೊಳಗೆ ಹಾಕಿ, ಮೇಲೆ ಕಾಣುವಂತೆ ಎರಡು ಕಟ್ಟು ಕರಿಬೇವಿನ ಸೊಪ್ಪು ಇಟ್ಟುಕೊಳ್ಳುತ್ತಾರೆ. ಅಷ್ಟರಲ್ಲಿ ಒಂದು ಕಾರು ನಿಂತಿತು. ಇಳಿದವರು ಮಾತಿಲ್ಲ ಕಥೆಯಿಲ್ಲ, ಇವರ ಮುಖಕ್ಕೇ ಲೆನ್ಸು ಹಿಡಿದರು.

"ಏನ್ರೀ, ನಾನೇ ಫೋಟೋಗ್ರಾಫರ್ ಕಣ್ರೀ!" ಎಂದು ಭಾವ ರೇಗಿದರು.

"ಹಾಂ, ಹಾಗೇ ಕೋಪವಾಗೇ ಇರಿ ಯಜಮಾನ್ರೇ, ಸೂಪರ್!" ಎಂದು ತೆಗೆದುಕೊಂಡು ಹೊರಟೇಬಿಟ್ಟರಂತೆ.

ಕೆಲವು ತಿಂಗಳ ಮೇಲೆ ಮೈಸೂರಿನಲ್ಲಿ ಛಾಯಾಚಿತ್ರ ಪ್ರದರ್ಶನವಿತ್ತು. ಭಾವ ತಮ್ಮ ಮೇಲ್ಸೇತುವೆಗಳನ್ನು ಕಳಿಸಿದ್ದರು. ಒಂದೂ ಆಯ್ಕೆಯಾಗಿರಲಿಲ್ಲ. ಆದರೂ ನೋಡಿಬರೋಣವೆಂದು ನನ್ನನ್ನೂ ಅಕ್ಕನನ್ನೂ ಕರೆದುಕೊಂಡು ಹೋದರು. ಒಳಗೆ ಕಾಲಿಟ್ಟರೆ ಎದುರಿಗೇ ನಮ್ಮ ಭಾವ! ಆಳೆತ್ತರದ ಚಿತ್ರ, ಮೇಲೆ ದೀಪ, ಕೆಳಗೆ "ಮಣ್ಣಿನ ಮಗ" ಎಂದು ಹೆಸರು. ಗೊಬ್ಬರದ ಚೀಲ ಮುಟ್ಟಿದರೆ ಸೋಪು ಹಾಕಿ ಕೈ ತೊಳೆಯುವ ಮನುಷ್ಯ! ತೆಗೆದ ಫೋಟೋ ಒಂದೂ ಗೋಡೆ ಹತ್ತಲಿಲ್ಲ, ಕೊನೆಗೆ ಅವರೇ ಹತ್ತಿದರಲ್ಲ! ನಾನೂ ಅಕ್ಕನೂ ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು ಅಲ್ಲಿದ್ದ ಬೆಂಚಿನ ಮೇಲೆ ಕೂತುಬಿಟ್ಟೆವು. ಭಾವ ಮಾತ್ರ ನಗಲಿಲ್ಲ. ಹುಣಸೂರು ಬರುವವರೆಗೂ ಬಸ್ಸಿನ ಕಿಟಕಿಯಾಚೆ ನೋಡುತ್ತಾ ಕೂತಿದ್ದರಂತೆ.

ಆಮೇಲೆ ಬಂದದ್ದು ಈಗಿನ ಕ್ಯಾಮೆರಾ. ಇದು ಕಪ್ಪುಬಿಳುಪು ಚಿತ್ರಕ್ಕೆ ಹೆಸರುವಾಸಿಯಂತೆ. ಅದನ್ನು ಪರೀಕ್ಷೆ ಮಾಡಲು ಒಂದು ಶನಿವಾರ ನಮ್ಮ ಮನೆಗೆ ಬಂದವರು, ಪೂಜೆ ಮುಗಿಸಿ ಹಣೆ ತುಂಬಾ ವಿಭೂತಿ ಹಚ್ಚಿಕೊಂಡು ಜಗಲಿಯಲ್ಲಿ ಕೂತಿದ್ದ ಅಪ್ಪನ ಚಿತ್ರವನ್ನು ಅವರಿಗೆ ಗೊತ್ತಾಗದಂತೆ ತೆಗೆದುಕೊಂಡು ಹೋದರು. ಮರುದಿನ ಬೆಳಿಗ್ಗೆ ಅಕ್ಕನ ಜೊತೆ ಬೆಂಗಳೂರಿನ ಬಸ್ಸು ಹತ್ತುವ ಮೊದಲು ಅದನ್ನು ನಮ್ಮ ಬಳಗದ ವಾಟ್ಸಾಪ್ ಗುಂಪಿಗೆ ಹಾಕಿದರು. ಸುತ್ತ ಕಗ್ಗತ್ತಲು, ನಡುವೆ ಅಪ್ಪನ ಮುಖ, ಅಡಿಯಲ್ಲಿ ಒಂದು ಸಾಲು: "ಆರುವ ಮುನ್ನ ಒಂದು ಬೆಳಕು."

ನೀವೇ ಹೇಳಿ. ನಮ್ಮ ಕಡೆ ಮುದುಕರೊಬ್ಬರ ಕಪ್ಪುಬಿಳುಪು ಫೋಟೋ, ಅದೂ ವಿಭೂತಿ ಸಮೇತ, ಬೆಳ್ಳಂಬೆಳಿಗ್ಗೆ ಗುಂಪಿಗೆ ಬಂದರೆ ಅದಕ್ಕೆ ಏನರ್ಥ?

ಮೊದಲು "ಓಂ ಶಾಂತಿ" ಎಂದವನು ಎನ್. ಬೇಗೂರಿನ ನಮ್ಮ ದೊಡ್ಡಪ್ಪನ ಮಗ. ಆಮೇಲೆ ಕೇಳಬೇಕೆ! ಒಬ್ಬರು ಕೈಮುಗಿದರೆ ಉಳಿದವರು ಓದುವ ಗೋಜಿಗೇ ಹೋಗುವುದಿಲ್ಲ, ಸಾಲಾಗಿ ಮುಗಿಯುತ್ತಾ ಹೋಗುತ್ತಾರೆ. "ತುಂಬಲಾರದ ನಷ್ಟ" ಎಂದಿತು ಪಿರಿಯಾಪಟ್ಟಣ. ಅಪ್ಪನ ಜೊತೆ ಬೇಲಿ ಜಗಳವಾಡಿ ಮಾತು ಬಿಟ್ಟಿದ್ದ ಹನಗೋಡಿನ ದಾಯಾದಿ "ಅಜಾತಶತ್ರು" ಎಂದು ಬರೆದಿದ್ದರು! ನನ್ನ ಫೋನು ಒಳಗೆ ಚಾರ್ಜಿಗಿತ್ತು, ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಹಾಗಾಗಿ ಅಪ್ಪ ತೀರಿಕೊಂಡದ್ದು ನಮ್ಮ ಮನೆಯಲ್ಲಿ ಮಾತ್ರ ಯಾರಿಗೂ ಗೊತ್ತಾಗಲಿಲ್ಲ.

ಮೊದಲು ಬಂದವನು ಶಾಮಿಯಾನದವನು. ಜಗಲಿಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದ ಅಪ್ಪನನ್ನೇ ವಿನಯದಿಂದ ಕೇಳಿದ.

"ಯಜಮಾನ್ರೇ, ಎಷ್ಟೊತ್ಗೆ ಎತ್ತೋದು?"

"ಏನ್ನ?"

"ತೀರ್ಕಂಡವ್ರಲ್ಲ, ಅವ್ರನ್ನ."

"ಯಾರಪ್ಪಾ ತೀರ್ಕಂಡವ್ರು?"

ಅವನು ಫೋನಿನಲ್ಲಿ ಯಾರೋ ಕಳಿಸಿದ್ದ ಚಿತ್ರ ತೋರಿಸಿದ. ಕನ್ನಡಕವಿಲ್ಲದ ಅಪ್ಪ ಕಣ್ಣು ಕಿರಿದು ಮಾಡಿ ನೋಡಿ, "ಪಾಪ, ಯಾರೋ ವಯಸ್ಸಾದೋರು. ನಮ್ ಬೀದಿಯವ್ರಲ್ಲ ಬುಡು" ಎಂದು ಅವನಿಗೂ ಒಂದು ತಟ್ಟೆ ಉಪ್ಪಿಟ್ಟು ಕೊಡಿಸಿದರು.

ಮಧ್ಯಾಹ್ನದ ಹೊತ್ತಿಗೆ ಅಂಗಳದ ತುಂಬಾ ಚಪ್ಪಲಿ, ಜಗಲಿಯ ತುಂಬಾ ಹಾರ. ಬಂದವರೆಲ್ಲ ಬಾಗಿಲಲ್ಲಿ ಗೋಳೋ ಎನ್ನುವುದು, ಅಪ್ಪನನ್ನು ಕಂಡು ಕಿರುಚುವುದು, ಆಮೇಲೆ ಕಾಫಿ ಕೇಳುವುದು! ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದು, ಸರಿ. ಸಾಯದವರ ಮನೆಯಲ್ಲಿ? ದೊಡ್ಡ ಪಾತ್ರೆಯಲ್ಲಿ ಚಿತ್ರಾನ್ನ ಕಲಸಿ ಕಲಸಿ ನನ್ನ ಕೈ ಬಿದ್ದುಹೋಯಿತು. ಭಾವ ಮಾತ್ರ ಸಿಕ್ಕಲಿ ಎಂದು ಹಲ್ಲು ಕಡಿಯುತ್ತಿದ್ದೆ.

ಕೊನೆಗೆ ಸರಗೂರಿನಿಂದ ಕಾರು ಮಾಡಿಸಿಕೊಂಡು ದೊಡ್ಡತ್ತೆ ಬಂದರು. ಅಪ್ಪನ ಅಕ್ಕ. ಸೊಂಟ ಬಾಗಿ, ಮನೆ ಹೊಸಿಲು ದಾಟುವುದನ್ನೇ ಬಿಟ್ಟಿದ್ದವರು. "ತಮ್ಮಯ್ಯಾ, ನನ್ನ ಬುಟ್ಟು ನೀನೇ ಮುಂದಾಗಿ ಒಂಟೋದೇನೋ" ಎಂದು ಗೇಟಿನಿಂದಲೇ ಎದೆ ಬಡಿದುಕೊಳ್ಳುತ್ತಾ ಬಂದರು. ಅಪ್ಪ ಎದ್ದು ಹೋಗಿ ಕೈ ಹಿಡಿದುಕೊಂಡು, "ಎಲ್ಲೂ ವೋಗಿಲ್ಲ ಕಣಕ್ಕಾ, ಇಲ್ಲೇ ಇವ್ನಿ" ಎಂದರು. ದೊಡ್ಡತ್ತೆ ಅವರ ಕೆನ್ನೆ, ಭುಜ ಎಲ್ಲ ಮುಟ್ಟಿ ಮುಟ್ಟಿ ನೋಡಿದರು. ಆಮೇಲೆ ಬೆನ್ನಿಗೊಂದು ಗುದ್ದಿದರು.

ಸಂಜೆಗೆ ಸುದ್ದಿ ತಿಳಿದು ಭಾವ ಅಕ್ಕನ ಜೊತೆ ಓಡಿ ಬಂದರು. ಬಾಗಿಲಲ್ಲೇ ನಿಂತರು, ಒಳಗೆ ಬರಲು ಧೈರ್ಯವಿಲ್ಲ. ಎಲ್ಲರೂ ಒಟ್ಟಿಗೆ ಶುರು ಮಾಡಿದರು. ನಾನಂತೂ ಅಷ್ಟು ವರ್ಷದ್ದೆಲ್ಲ ಸೇರಿಸಿ ಅಂದೆ. ಅಪ್ಪ ಕೈಗೆ ಊರುಗೋಲು ತೆಗೆದುಕೊಂಡಿದ್ದರು.

"ತಡೀರಿ, ಅದೇನ್ ಪೋಟ ನಾನೂ ನೋಡ್ತೀನಿ" ಎಂದು ದೊಡ್ಡತ್ತೆ ನನ್ನ ಫೋನು ಕಿತ್ತುಕೊಂಡರು. ಅವರು ಸುದ್ದಿ ಕೇಳಿ ಬಂದವರು, ಚಿತ್ರ ನೋಡಿರಲಿಲ್ಲ. ಕೈ ಚಾಚಿ ದೂರ ಹಿಡಿದು ನೋಡಿದರು. ಹತ್ತಿರಕ್ಕೆ ತಂದರು. ಸೆರಗಿನಿಂದ ಗಾಜು ಒರೆಸಿ ಮತ್ತೆ ನೋಡಿದರು.

"ತಮ್ಮಯ್ಯ, ಇದು ನೀನಲ್ಲ ಕಣೋ. ಅಪ್ಪಯ್ಯ."

ನಮ್ಮ ತಾತನದು ಒಂದೂ ಫೋಟೋ ಇಲ್ಲ. ಅಪ್ಪ, ತಾತನ ಮುದಿವಯಸ್ಸಿನಲ್ಲಿ ಹುಟ್ಟಿದ ಕೊನೆಯ ಮಗ, ಬುದ್ಧಿ ಬಲಿಯುವ ಮೊದಲೇ ತಂದೆಯನ್ನು ಕಳೆದುಕೊಂಡವರು. ಮಾಲಯ ಅಮಾವಾಸ್ಯೆಯಲ್ಲಿ ಹಿರಿಯರಿಗೆ ಎಡೆ ಇಡುವಾಗ ತೀರಿಹೋದ ನಮ್ಮಮ್ಮನಿಗೆ ಫೋಟೋ ಇದೆ, ತಾತನಿಗೆ ಬರೀ ಕಳಶ. "ಕಣ್ ಮುಚ್ಚುದ್ರೆ ಪೇಟ ಕಾಣ್ತದೆ ಕಣವ್ವ, ಮೊಕ ಕಾಣಾಕಿಲ್ಲ" ಎಂದು ಅಪ್ಪ ಒಮ್ಮೆ ನನ್ನ ಹತ್ತಿರ ಹೇಳಿದ್ದರು.

ಈಗ ಅಪ್ಪ ಊರುಗೋಲು ಕೆಳಗಿಟ್ಟು, ಒಳಗಿಂದ ಕನ್ನಡಕ ತಂದು ಹಾಕಿಕೊಂಡು ನೋಡಿದರು. ಬಹಳ ಹೊತ್ತು ನೋಡಿದರು.

"ಇಂಗಿದ್ರಾ ಅಕ್ಕಾ?"

"ಇಂಗೇ ಕಣೋ. ಜಗಲಿ ಮ್ಯಾಲೆ ಇಂಗೇ ಕುಂತಿರೋರು."

ಅಪ್ಪ ಬಾಗಿಲ ಕಡೆ ತಿರುಗಿದರು. ಭಾವ ಕ್ಯಾಮೆರಾವನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು.

"ಅಳಿಮಯ್ಯ, ಒಳಿಕ್ಕೆ ಬನ್ನಿ" ಎಂದರು ಅಪ್ಪ. "ಇದ್ನ ದೊಡ್ದು ಮಾಡ್ಸಿ ತಗಂಡ್ ಬನ್ನಿ. ಮೊಳೆ ನಾನೇ ಹೊಡೀತೀನಿ."

ಹೇಳಿದಂತೆಯೇ ಅವರೇ ಹೊಡೆದರು. ಆ ಸಲದ ಅಮಾವಾಸ್ಯೆಗೆ ತಾತನ ಎಡೆಯ ಮುಂದೆ ನಿಂತು, ತಮ್ಮದೇ ಮುಖಕ್ಕೆ ಹೂವು ಹಾಕಿ, ಅಪ್ಪ ಚಿಕ್ಕ ಮಗುವಿನ ಹಾಗೆ "ಅಪ್ಪಯ್ಯಾ" ಎಂದು ಕೈಮುಗಿದರು. ಪಕ್ಕದಲ್ಲಿದ್ದ ಭಾವನಿಗೆ, "ತೆಗೀರಿ ಭಾವ, ಇಂಥದ್ದು ಮತ್ತೆ ಸಿಗಲ್ಲ" ಎಂದು ಮೆಲ್ಲಗೆ ಹೇಳಿದೆ. ಅವರು ಕ್ಯಾಮೆರಾ ಎತ್ತಿದರು, ಇಳಿಸಿದರು, ಮತ್ತೆ ಎತ್ತಿದರು.

"ಯಾಕ್ ಭಾವ?"

"ಎಲ್ಲಾ ಮಸ್ಕು ಮಸ್ಕಾಗ್ ಕಾಣ್ತದೆ ಕಣೇ" ಎಂದು ಮೂಗೆಳೆದುಕೊಂಡರು.

ನಾನು ಅವರ ಕೈಯಿಂದ ಕ್ಯಾಮೆರಾ ತೆಗೆದು ಮೇಜಿನ ಮೇಲಿಟ್ಟು, ಎಲೆಯ ಮುಂದೆ ಕೂರಿಸಿದೆ. ಮೊದಲ ಕಜ್ಜಾಯವನ್ನು ಅವರಿಗೇ ಬಡಿಸಿದೆ.