ಲಿಂಗಸುಗೂರು ಬಸ್ಸಿನ ಚುಕ್ಕಿಗಳು

ನಮ್ಮ ಸೋದರಮಾವ ಹೆಂಡತಿಗಾಗಿ ಎಂದೂ ಕಾದವರಲ್ಲ. ಹೀಗೆಂದ ಕೂಡಲೇ ಅವರನ್ನು ಕಲ್ಲುಮನಸ್ಸಿನವರು ಅಂದುಕೊಳ್ಳಬೇಡಿ. ಕಾಯುವುದು ಲೆಕ್ಕ ಬಾರದವರ ಕೆಲಸ ಎಂಬುದು ಅವರ ಸಿದ್ಧಾಂತ!

ಸಿಂಧನೂರಿನಲ್ಲಿ ಅವರದು ಗೊಬ್ಬರದ ಅಂಗಡಿ. ಅತ್ತೆ ಲಿಂಗಸುಗೂರಿನಲ್ಲಿ ಶಿಕ್ಷಕಿ; ದಿನಾ ಸಂಜೆ ಮಸ್ಕಿ ಮೇಲೆ ಹಾದು ಬರುವ ಬಸ್ಸಿನಲ್ಲಿ ಮರಳುತ್ತಾರೆ. ಮೊಣಕಾಲಿನ ಆಪರೇಷನ್ ಆದ ಮೇಲೆ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲುವುದು ಅವರಿಂದಾಗದು. ಅವರು ಇಳಿಯುವುದಕ್ಕೂ ಮಾವನ ಬೈಕು ಬಂದು ನಿಲ್ಲುವುದಕ್ಕೂ ಸರಿಹೋಗಬೇಕು. ಬೇರೆ ಯಾರಾದರೂ ಆಗಿದ್ದರೆ ಸ್ವಲ್ಪ ಮೊದಲೇ ಹೋಗಿ ನಿಲ್ಲುತ್ತಿದ್ದರು. ನಮ್ಮ ಮಾವ ಕಂಪ್ಯೂಟರ್ ತಂದರು.

ಅದರಲ್ಲಿ ಬಣ್ಣವಿಲ್ಲ, ಚಿತ್ರವಿಲ್ಲ. ಕರಿ ಪರದೆ, ಬಿಳಿ ಅಕ್ಷರ ಅಷ್ಟೇ. ಮೌಸನ್ನು ಗಲ್ಲಾಪೆಟ್ಟಿಗೆಯಲ್ಲಿ ಹಾಕಿ ಬೀಗ ಜಡಿದಿದ್ದಾರೆ. ಅತ್ತೆ ಬಸ್ಸು ಹತ್ತಿದಾಗೊಮ್ಮೆ, ಮಸ್ಕಿ ಬಂದಾಗೊಮ್ಮೆ ಮೆಸೇಜು ಹಾಕಬೇಕು. ಮಾವ ಆ ವೇಳೆಗಳನ್ನೂ ಅತ್ತೆ ಇಳಿದ ವೇಳೆಯನ್ನೂ ಒಂದು ಫೈಲಿಗೆ ಸೇರಿಸಿ ಒಂದೇ ಸಾಲಿನ ಕಮಾಂಡು ಕುಟ್ಟಿದರೆ, ಪರದೆಯ ಮೇಲೆ ಚುಕ್ಕಿಗಳ ಗ್ರಾಫು ಏಳುತ್ತದೆ. ದಿನಕ್ಕೊಂದು ಚುಕ್ಕಿ, ಬಸ್ಸು ತಡವಾದಷ್ಟೂ ಚುಕ್ಕಿ ಮೇಲೆ; ಅದನ್ನು ನೋಡಿಯೇ ಬೈಕು ಹೊರಡುವ ಹೊತ್ತಿನ ಲೆಕ್ಕ.

ಯೂರಿಯಾಕ್ಕೆ ಬಂದ ಗೊರೇಬಾಳದ ರೈತರೊಬ್ಬರು ಒಮ್ಮೆ ಅದನ್ನೇ ದಿಟ್ಟಿಸಿ ಕೇಳಿದರು:

“ಸಾವ್ಕಾರ್ರ, ಇದು ಕಾಲುವಿಗೆ ನೀರು ಬರೂದೇನ್ರಿ?”

“ಅಲ್ಲಪ, ನಮ್ಮನಿಯಾಕಿ ಬರೂದು.”

ಒಂದು ಸಂತೆಯ ದಿನ ಮಸ್ಕಿಯಲ್ಲಿ ಕುರಿ, ಕೋಳಿಬುಟ್ಟಿ, ಜನ ಎಲ್ಲ ಹತ್ತುವಷ್ಟರಲ್ಲಿ ಬಸ್ಸು ವಿಪರೀತ ತಡವಾಯಿತು. ಆ ದಿನದ ಚುಕ್ಕಿ ಗ್ರಾಫಿನ ನೆತ್ತಿಗೆ ಹಾರಿತು. ಉಳಿದವೆಲ್ಲ ತಳದಲ್ಲಿ ಅಮುಕಿಕೊಂಡವು.

“ಆ ಒಂದು ದಿನ ತೆಗೀರಿ, ಅದು ಸಂತಿ ಗದ್ಲ,” ಎಂದರು ಅತ್ತೆ.

“ಬಂದ ಚುಕ್ಕಿ ಅಳಿಸಿದ್ರ ಸುಳ್ಳು ಹೇಳಿದಂಗ. ನಾ ತೂಕದಾಗ ಎಂದರ ಮೋಸ ಮಾಡೀನೇನು?”

“ಹಂಗಾರ ಆ ಚುಕ್ಕಿ ಜೋಡಿನ ಸಂಸಾರ ಮಾಡ್ರಿ.”

ಮೊನ್ನೆ ಲಿಂಗಸುಗೂರಿನ ಮೆಸೇಜು ಬಂತು, ಮಸ್ಕಿಯದು ಬರಲಿಲ್ಲ. ಅತ್ತೆಯ ಫೋನು ಸ್ವಿಚ್ಡ್ ಆಫ್. ಮಾವ ಕಮಾಂಡು ಕುಟ್ಟಿದರು, ಮತ್ತೆ ಕುಟ್ಟಿದರು. ಆ ದಿನದ ಚುಕ್ಕಿಯ ಜಾಗ ಖಾಲಿ. “ಬರ್ತಾರ ತಗೋರಿ ಮಾವ,” ಎಂದು ಅಂಗಡಿಯಲ್ಲೇ ಕೂತಿದ್ದ ನಾನು ಚಹಾ ಮುಗಿಸಿ ತಲೆಯೆತ್ತಿದರೆ ಕುರ್ಚಿಯೂ ಖಾಲಿ! ಅಂಗಡಿ ತೆರೆದೇ ಇತ್ತು, ಬೈಕೂ ಅಲ್ಲೇ ಇತ್ತು. ಯಾವ ಬೈಕಿಗಾಗಿ ಇಷ್ಟೆಲ್ಲ ಗಣಿತವೋ ಅದನ್ನೇ ಬಿಟ್ಟು ಓಡಿದ್ದರು. ಶಟರ್ ಎಳೆದು ನಾನೇ ಬಸ್‌ಸ್ಟ್ಯಾಂಡಿಗೆ ಬೈಕು ಒಯ್ದೆ.

ಹೊತ್ತು ಮುಳುಗುವಾಗ ಬಸ್ಸು ಬಂತು. ಮಸ್ಕಿ ಬರುವ ಮೊದಲೇ ಟೈರು ಪಂಕ್ಚರ್ ಆಗಿತ್ತಂತೆ, ಫೋನಿನಲ್ಲಿ ಚಾರ್ಜು ಇರಲಿಲ್ಲವಂತೆ.

“ಬಂದು ಬಾಳೊತ್ತಾತೇನ್ರಿ?” ಅತ್ತೆ ಕೇಳಿದರು.

“ಇಲ್ಲ, ಈಗ ಬಂದೆ.”

“ಎಲ್ಲಿ ಈಗ ಬಿಡ್ರಿ ಅಕ್ಕಾರ,” ಎಂದ ಪಕ್ಕದ ಚಹಾದವನು, “ಬಂದ ಬಸ್ಸಿನಾಗೆಲ್ಲ ಹತ್ತಿ ಹುಡುಕ್ಯಾರ.”

ಮರುದಿನ ಗ್ರಾಫು ನೋಡಿದೆ. ಸಂತೆಯ ಚುಕ್ಕಿ ನೆತ್ತಿಯ ಮೇಲೆ ಹಾಗೇ ಕುಳಿತಿತ್ತು. ಹಿಂದಿನ ದಿನದ್ದು ಮಾತ್ರ ಕಾಣಲಿಲ್ಲ.

“ಮಾವ, ನಿನ್ನಿ ಚುಕ್ಕಿ ಎಲ್ಲೈತಿ?”

“ಅಳಿಸೀನಿ. ಅದನ್ನ ನೋಡಿದ್ರ ಎದಿ ಮತ್ತ ಡವಡವ ಅಂತೈತಿ.”

ಹಾಗೆಂದವರೇ ಬೈಕಿನ ಕೀಲಿ ತೆಗೆದುಕೊಂಡು ಎದ್ದರು. ಗ್ರಾಫಿನ ಪ್ರಕಾರ ಬಸ್ಸು ಬರಲು ಇನ್ನೂ ಒಂದು ತಾಸಿತ್ತು.